ನಾಟಿ ಟೊಮೆಟೊ: ಬಿತ್ತೋದು, ಬೀಜ ಉಳಿಸಿಕೊಳ್ಳೋದು

ಇವತ್ತಿನ ಮಾತು ನಾಟಿ ಟೊಮೆಟೊ ಬಗ್ಗೆ. ಊರಲ್ಲಿ ಸಾರಿಗೆ ಹಾಕ್ತಿದ್ರಲ್ಲ, ತೆಳು ಸಿಪ್ಪೆಯ ಹುಳಿ ಹಣ್ಣು, ಅದೇ. ಇಲ್ಲಿ ಪುಣೆಯ ಅಂಗಡಿಗಳಲ್ಲಿ ನನಗೆ ಸಿಗೋದು ಬಹುಪಾಲು ಗಟ್ಟಿ ಸಿಪ್ಪೆಯ ಹೈಬ್ರಿಡ್. ಅದರ ಬೀಜ ಹಾಕಿದರೂ ಗಿಡ ಬರುತ್ತೆ, ಆದರೆ ಗುಣ ಚೆದುರಿಹೋಗುತ್ತೆ. ಒಂದು ಗಿಡದ ಹಣ್ಣು ಹಾಗೆ, ಇನ್ನೊಂದರದ್ದು ಹೀಗೆ. ನಾಟಿ ತಳಿ ತಲೆಮಾರುಗಳಿಂದ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುತ್ತಾ ಬಂದಿರೋದರಿಂದ ಮಕ್ಕಳು ತಾಯಿಯ ಹಾಗೇ ಇರ್ತವೆ.

ನನ್ನ ಹತ್ತಿರ ಇದ್ದದ್ದು ಅಜ್ಜಿಯ ಹಿತ್ತಲಿನ 22 ಬೀಜ. ಆ ಮನೆ ಮಾರಿಯಾಗಿದೆ, ಹಿತ್ತಲೂ ಇಲ್ಲ. ಹಾಗಾಗಿ 11 ಬಿತ್ತಿ, 11 ಎತ್ತಿಟ್ಟೆ. ಬ್ಯಾಕಪ್ ಇಲ್ಲದೆ ಏನನ್ನೂ ಮುಟ್ಟಬಾರದು ಅನ್ನೋದು ಸಾಫ್ಟ್‌ವೇರ್ ಕೆಲಸ ಕಲಿಸಿದ ಬುದ್ಧಿ. 7 ಮೊಳೆತವು.

ಅರ್ಧ ಸೆಂಟಿಮೀಟರ್ ಆಳ ಸಾಕು. ಮಣ್ಣು ತೇವವಾಗಿರಲಿ, ಕೆಸರಾಗಬಾರದು. ಸಸಿಯನ್ನು ದೊಡ್ಡ ಕುಂಡಕ್ಕೆ ಬದಲಿಸುವಾಗ ಕೆಳಗಿನ ಎಲೆ ಚಿವುಟಿ, ಕಾಂಡವನ್ನು ಆಳಕ್ಕೆ ಹೂಳಿ. ಮಣ್ಣೊಳಗಿನ ಕಾಂಡದಿಂದಲೂ ಬೇರು ಬರುತ್ತೆ. ದಿನಕ್ಕೆ 6 ಗಂಟೆ ಬಿಸಿಲು ಬೇಕೇ ಬೇಕು.

ಕಾಲ ನೋಡಿ ಬಿತ್ತಿ. ರಾತ್ರಿಯೂ ಸೆಕೆ ಇದ್ದರೆ ಹೂ ಉದುರುತ್ತೆ, ಹಾಗಾಗಿ ಚೆನ್ನೈನವರು ಡಿಸೆಂಬರ್-ಜನವರಿಗೆ ಹೂ ಬರೋ ಹಾಗೆ ಲೆಕ್ಕ ಹಾಕಿ. ದೆಹಲಿಯವರಿಗೆ ಉಲ್ಟಾ, ಜನವರಿ ಚಳಿಗೆ ಕಾಯಿ ಕಟ್ಟೋದು ಕಷ್ಟ. ಬಿತ್ತಿದ ಮೇಲೆ ಹೂವಿಗೆ ಸುಮಾರು ಎರಡು ತಿಂಗಳು ಹಿಡಿಯುತ್ತೆ.

ಈಗ ಬೀಜ. ಒಳ್ಳೆ ಗಿಡದ ಒಳ್ಳೆ ಹಣ್ಣನ್ನು ಸಾರಿಗೆ ಹಾಕಬೇಡಿ, ಗಿಡದಲ್ಲೇ ಪೂರ್ತಿ ಮಾಗಲಿ. ಬೀಜವನ್ನು ಲೋಳೆ ಸಮೇತ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಹಾಕಿ, ಬಟ್ಟೆ ಮುಚ್ಚಿ 2-3 ದಿನ ಬಿಡಿ. ಮೇಲೆ ಬಿಳಿ ಪೊರೆ ಕಟ್ಟುತ್ತೆ, ನಾರುತ್ತೆ, ಮನೇಲಿ ಬೈಗುಳ ಗ್ಯಾರಂಟಿ. ಆದರೆ ಹಣ್ಣಿನೊಳಗೇ ಬೀಜ ಮೊಳೆಯದಂತೆ ತಡೆಯೋದು ಆ ಲೋಳೆ. ಹುಳಿತರೆ ಅದು ಕರಗಿಹೋಗುತ್ತೆ. ಜಾಸ್ತಿ ದಿನ ಬಿಟ್ಟರೆ ಲೋಟದಲ್ಲೇ ಮೊಳಕೆ ಬಂದೀತು. ಆಮೇಲೆ ತೊಳೆಯಿರಿ, ತೇಲಿದ್ದು ಚೆಲ್ಲಿ, ಮುಳುಗಿದ್ದು ಇಟ್ಟುಕೊಳ್ಳಿ. ಪೇಪರ್ ಮೇಲೆ ಹಾಕಿದರೆ ಅಂಟುತ್ತೆ, ಸ್ಟೀಲ್ ತಟ್ಟೆಯಲ್ಲಿ ನೆರಳಿಗೆ ಒಣಗಿಸಿ. ತಂಪಾದ, ಒಣ ಜಾಗದಲ್ಲಿ 4 ವರ್ಷ ಆರಾಮಾಗಿ ಉಳಿಯುತ್ತೆ.

ಪಕ್ಕದಲ್ಲೇ ಬೇರೆ ತಳಿ ಇದ್ದರೆ ಜೇನು ಅಪರೂಪಕ್ಕೆ ಬೆರಕೆ ಮಾಡುತ್ತೆ. ಬೀಜಕ್ಕೆ ಬೇಕಾದ ಗೊಂಚಲಿಗೆ ಹೂ ಅರಳೋ ಮೊದಲೇ ತೆಳು ಬಟ್ಟೆ ಚೀಲ ಕಟ್ಟಿ, ದಿನಾ ಮೆಲ್ಲಗೆ ಅಲುಗಿಸಿ.

ನನ್ನ 7 ಗಿಡದ ಬೀಜ ಈಗ ಮೂರು ಡಬ್ಬಿ: ಒಂದು ಇಲ್ಲಿ, ಒಂದು ಹೈದರಾಬಾದಿನ ತಂಗಿ ಹತ್ತಿರ, ಇನ್ನೊಂದು ಅಜ್ಜಿಯೂರಿನ ಪಕ್ಕದಮನೆ ಅತ್ತೆಗೆ ಹೋಗಿದೆ.