ಕಡೆಯ ಪಂಕ್ತಿಯ ಪಲ್ಯ

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬಸ್ಸಾರಿನ ದಿನ, ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ಅರೆದು ಹಾಕಿ ಸಾರನ್ನೂ, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯವನ್ನೂ ಮಾಡುವುದುಂಟು. ಸತ್ತ್ವದ ಬಹುಭಾಗ ನಿಲ್ಲುವುದು ಪಲ್ಯದಲ್ಲಿಯೇ. ಆದರೆ ಗಂಡಸರು ಉಂಡು, ಗಂಡುಮಕ್ಕಳು ಉಂಡು, ತಾಯಿಯೊಡನೆ ಕಡೆಯ ಪಂಕ್ತಿಗೆ ಕೂಡುವ ಹದಿನಾಲ್ಕರ ಹುಡುಗಿಯ ಸರದಿ ಬರುವ ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿ, ಸಾರು ಮಾತ್ರ ಧಾರಾಳವಾಗಿ ಉಳಿದಿರುವುದು ಅಪೂರ್ವವೇನಲ್ಲ.

ದೇಹದ ಲೆಕ್ಕವಾದರೋ ಇದಕ್ಕೆ ತದ್ವಿರುದ್ಧ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2020ರಲ್ಲಿ ನಿಗದಿಪಡಿಸಿದಂತೆ, 13ರಿಂದ 15 ವಯಸ್ಸಿನ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣ ಸಾಕಾದರೆ, ಅದೇ ವಯಸ್ಸಿನ ಹುಡುಗಿಗೆ 30 ಮಿಲಿಗ್ರಾಂ ಬೇಕು. ಬೆಳೆಯುವ ಮೈ ಹೊಸ ರಕ್ತವನ್ನು ಬೇಡುತ್ತಿರುವಾಗಲೇ ತಿಂಗಳು ತಿಂಗಳೂ ರಕ್ತ ಹೋಗುವುದರಿಂದ, ಅಣ್ಣನಿಗಿಂತ ತಂಗಿಗೆ ಹೆಚ್ಚು ಬಡಿಸಬೇಕಾದ ಕಾಲವಿದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಪ್ರಾಯದ ಭಾರತೀಯ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 59 ಮಂದಿ ರಕ್ತಹೀನರೆಂದು ಕಂಡುಬಂದಿತು. ಕರ್ನಾಟಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ.

ನಮ್ಮ ಧಾನ್ಯಗಳನ್ನು ದೂರುವುದು ನ್ಯಾಯವಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದಂಶವಿದ್ದು, ಬಿಳಿಯ ಅಕ್ಕಿ ಅದರ ಹತ್ತಿರಕ್ಕೂ ಸುಳಿಯಲಾರದು. ಆದರೂ ಮುದ್ದೆಯೆಂದರೆ ಮೂಗು ಮುರಿಯುವುದು ನಾಗರಿಕತೆಯ ಲಕ್ಷಣವೆಂದು ನಾವೇ ಮಕ್ಕಳಿಗೆ ಕಲಿಸಿದೆವಷ್ಟೆ. ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣಕ್ಕೆ ಮಾತ್ರ ಒಂದು ಸಂಕೋಚ ಸ್ವಭಾವವುಂಟು: ನಿಂಬೆಯ ಹುಳಿಯೋ ನೆಲ್ಲಿಕಾಯಿಯೋ ಜತೆಗಿದ್ದರೆ ಅದು ರಕ್ತದ ದಾರಿ ಹಿಡಿಯುತ್ತದೆ, ಉಂಡ ಕೈ ಆರುವ ಮುನ್ನವೇ ಒಂದು ಲೋಟ ಟೀ ಕುಡಿದರೆ ಅದರ ಒಗರಿಗೆ ಸಿಕ್ಕಿ ಬಹುಪಾಲು ವ್ಯರ್ಥವಾಗುತ್ತದೆ. ಕಾಳನ್ನು ನೆನೆಸಿ ಮೊಳಕೆ ಕಟ್ಟುತ್ತಿದ್ದ ಅಜ್ಜಿಯರಿಗೆ ಫೈಟೇಟೆಂಬ ಹೆಸರು ತಿಳಿದಿರಲಿಲ್ಲ. ಕಬ್ಬಿಣವನ್ನು ಕಟ್ಟಿಹಾಕುವ ಆ ವಸ್ತು ಮೊಳಕೆಯೊಡೆದಾಗ ತಗ್ಗುತ್ತದೆಂಬುದು ರಸಾಯನಶಾಸ್ತ್ರ ಆಮೇಲೆ ಹೇಳಿದ ಮಾತು.

ಶಾಲೆಗಳಲ್ಲಿ ವಾರಕ್ಕೊಮ್ಮೆ ಹಂಚುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ, ಅದರೊಡನೆ ಫೋಲಿಕ್ ಆಮ್ಲವೂ ಇರುತ್ತವೆ. ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುವುದೆಂದು ಊಟವಾದ ಮೇಲೆ ಕೊಡುವ ನಿಯಮವಿರುವುದರಿಂದ, ಬೆಳಗ್ಗೆ ಟೀ ಬನ್ನಿನಲ್ಲೇ ಹೊತ್ತು ಕಳೆದು ಬಂದ ಹುಡುಗಿ ಆ ಮಾತ್ರೆಗಾಗಿಯೂ ಮಧ್ಯಾಹ್ನದ ಬಿಸಿಯೂಟದ ಗಂಟೆಯನ್ನೇ ಕಾಯಬೇಕಾಗುತ್ತದೆ. ಅಲ್ಲಿಯಾದರೋ ಅವಳು ತನ್ನ ತರಗತಿಯವರೊಡನೆ ಮೊದಲ ಪಂಕ್ತಿಯಲ್ಲೇ ಕೂಡುತ್ತಾಳೆ.