ಬಾಯಿ ಮುಕ್ಕಳಿಸುವ ಎಣ್ಣೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರಿ ಹೊಲಗಳಲ್ಲಿ ಬಿಳಿಜೋಳದ ಅಂಚಿಗೆ ಕುಸುಬಿಯ ಸಾಲು ಬಿತ್ತುವುದು ಹಳೆಯ ಪದ್ಧತಿ. ಮುಳ್ಳಿನ ಗಿಡ. ದನ ಒಳಗೆ ನುಗ್ಗದಂತೆ ತಡೆಯುವ ಬೇಲಿಯೂ ಅದೇ, ವರ್ಷದ ಎಣ್ಣೆಯೂ ಅದೇ. ಕುಸುಬಿ, ಎಳ್ಳು, ಅಗಸಿ, ಶೇಂಗಾ ಬೆಳೆಯುವ ಭೀಮಾ ತೀರದ ಈ ಸೀಮೆಯಲ್ಲಿ ಮಿಲ್ಲುಗಳು ಬರುವ ಮೊದಲು ಎಣ್ಣೆ ಎಂದರೆ ಗಾಣದ ಎಣ್ಣೆ. ಕಣ್ಣಿಗೆ ಪಟ್ಟಿ ಕಟ್ಟಿದ ಎತ್ತು ಸುತ್ತುತ್ತಿತ್ತು, ಎಣ್ಣೆ ಮನೆಗೆ ಬರುತ್ತಿತ್ತು, ಹಿಂಡಿ ದನಕ್ಕೆ ಹೋಗುತ್ತಿತ್ತು. (ಕಲಬುರಗಿಯವರು ರೊಟ್ಟಿಯ ಜೊತೆ ತಿನ್ನುವ ಶೇಂಗಾ ಚಟ್ನಿಪುಡಿಗೂ ‘ಹಿಂಡಿ’ ಎಂದೇ ಕರೆಯುತ್ತಾರೆ, ಹೊರಗಿನವರು ಮೊದಲ ಸಲ ಕೇಳಿದರೆ ಗಾಬರಿಯಾಗುತ್ತಾರೆ.) ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೆಂಬ ವಚನಕಾರನೂ ಇದ್ದ.

ಈ ಎಣ್ಣೆ ಒಗ್ಗರಣೆಗೆ, ದೀಪಕ್ಕೆ, ನೆತ್ತಿಗೆ, ಬಾಣಂತಿಯ ಮೈಗೆ ಸಲ್ಲುತ್ತಿತ್ತು. ಹಲ್ಲಿಗೆ ಮಾತ್ರ ಬೇವಿನ ಕಡ್ಡಿ, ಜಾಲಿ ಕಡ್ಡಿ, ಉಪ್ಪು ಬೆರೆಸಿದ ಇದ್ದಲಿ ಪುಡಿ. ಎಣ್ಣೆಯಿಂದ ಬಾಯಿ ಮುಕ್ಕಳಿಸುವ ಕ್ರಮವನ್ನು ವಿವರಿಸಿದವರು ಆಯುರ್ವೇದದ ಗ್ರಂಥಕಾರರು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ, ದಿನಚರಿಯ ಭಾಗವಾಗಿ, ಇದರ ಪ್ರಯೋಜನಗಳ ಪಟ್ಟಿಯಿದೆ: ದವಡೆಗೆ ಬಲ, ಸ್ವರಕ್ಕೆ ಬಲ, ಗಂಟಲು ಒಣಗದು, ತುಟಿ ಒಡೆಯದು, ಹಲ್ಲು ನೋಯದು. ಸುಶ್ರುತ ಇನ್ನಷ್ಟು ಸೂಕ್ಷ್ಮವಾಗಿ ಎರಡು ಬಗೆ ಮಾಡಿದ್ದಾನೆ. ಬಾಯೊಳಗೆ ಸುಲಭವಾಗಿ ಆಡಿಸಬಹುದಾದಷ್ಟು ದ್ರವ ಹಿಡಿದರೆ ‘ಕವಲ’. ಆಡಿಸಲಾಗದಂತೆ ಬಾಯಿ ತುಂಬ ಹಿಡಿದರೆ ‘ಗಂಡೂಷ’. ಇಂದು ‘ಆಯಿಲ್ ಪುಲ್ಲಿಂಗ್’ ಎನ್ನುವುದು ಕವಲಕ್ಕೇ ಹತ್ತಿರ.

ಇಂಗ್ಲಿಷ್ ಹೆಸರು ಹೊತ್ತು ಇದು ಮರಳಿ ಬಂದದ್ದು 1990ರ ದಶಕದಲ್ಲಿ. ಉಕ್ರೇನಿನ ವೈದ್ಯ ಕರಾಚ್ ಎಂಬುವರದೆಂದು ಹೇಳಲಾದ ಉಪನ್ಯಾಸವೊಂದನ್ನು ಹಿಡಿದು, ಬೆಂಗಳೂರಿನಲ್ಲಿದ್ದ ತುಮ್ಮಲ ಕೋಟೇಶ್ವರ ರಾವ್ ಇದರ ಪ್ರಚಾರಕ್ಕೆ ನಿಂತರು. ಆಂಧ್ರಜ್ಯೋತಿ ಪತ್ರಿಕೆ 1996ರಲ್ಲಿ ಓದುಗರ ಅಭಿಪ್ರಾಯ ಕೇಳಿದಾಗ ಉತ್ತರಿಸಿದ 1,041 ಜನರಲ್ಲಿ 927 ಮಂದಿ ಗುಣ ಕಂಡೆವೆಂದರೆಂದು ಪ್ರಚಾರದ ಬರಹಗಳು ಹೇಳುತ್ತವೆ. ಸಂಖ್ಯೆ ದೊಡ್ಡದೇ. ಆದರೆ ಗುಣವಾದವನು ಪತ್ರಿಕೆಗೆ ಕಾಗದ ಬರೆಯುತ್ತಾನೆ, ಆಗದವನು ಸುಮ್ಮನಿರುತ್ತಾನೆ. ಸಂಧಿವಾತ, ಅಸ್ತಮಾ, ಸಕ್ಕರೆ ಕಾಯಿಲೆಗಳೆಲ್ಲ ಬಾಯಿಯ ಎಣ್ಣೆಗೆ ಹೋಗುತ್ತವೆಂಬ ಮಾತನ್ನು ನಂಬಲು ಇಂಥ ಲೆಕ್ಕ ಸಾಲದು.

ಎಣ್ಣೆ ರಕ್ತದೊಳಗಿನ ವಿಷವನ್ನು ‘ಎಳೆಯುತ್ತದೆ’, ಉಗುಳಿದ್ದು ಬೆಳ್ಳಗಿರುವುದೇ ಅದಕ್ಕೆ ಸಾಕ್ಷಿ ಎನ್ನುವವರಿದ್ದಾರೆ. ಆ ಬಿಳುಪು ವಿಷದ್ದಲ್ಲ. ಎಣ್ಣೆ ಜೊಲ್ಲಿನೊಡನೆ ಕಡೆದು ಸಣ್ಣ ಸಣ್ಣ ಹನಿಯಾಗಿ ಒಡೆದರೆ ಹಾಲಿನ ಬಣ್ಣ ತಾನಾಗಿಯೇ ಬರುತ್ತದೆ. ಶೀಶೆಯಲ್ಲಿ ಎಣ್ಣೆಗೆ ಸೋಪಿನ ನೀರು ಸೇರಿಸಿ ಕುಲುಕಿ ನೋಡಿದರೂ ಅದೇ.

ಹಾಗೆಂದು ಎಲ್ಲವೂ ಸುಳ್ಳಲ್ಲ. ತಮಿಳುನಾಡಿನ ದಂತವೈದ್ಯ ಅಶೋಕನ್ ಮತ್ತು ಸಂಗಡಿಗರು 2008 ಮತ್ತು 2009ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಎಳ್ಳೆಣ್ಣೆ ಮುಕ್ಕಳಿಸಿದ ಹುಡುಗರ ಬಾಯಲ್ಲಿ ಹುಳುಕಿಗೆ ಕಾರಣವಾಗುವ ಸೂಕ್ಷ್ಮಜೀವಿಗಳು ಕಡಿಮೆಯಾದವು, ವಸಡಿನ ಉರಿಯೂತವೂ ಇಳಿಯಿತು. ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧ ಬಳಸಿದವರಲ್ಲೂ ಹಾಗೆಯೇ ಆಯಿತು. ಆ ಔಷಧ ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ತರುತ್ತದೆ, ನಾಲಿಗೆಯ ರುಚಿ ಕೆಡಿಸುತ್ತದೆ. ಎಣ್ಣೆಗೆ ಆ ದೋಷವಿಲ್ಲ. ಆದರೆ ಪ್ರತಿ ಅಧ್ಯಯನದಲ್ಲಿ ಇದ್ದವರು ಇಪ್ಪತ್ತೇ ಹುಡುಗರು. ಉಜ್ಜುವುದನ್ನು ಬಿಟ್ಟು ಎಣ್ಣೆ ಹಿಡಿಯಿರಿ ಎನ್ನಲು ಅಷ್ಟು ಸಾಲದು. ಉಜ್ಜಿದ ಮೇಲೂ ಇರಲಿ ಎಂದರೆ ತಕರಾರಿಲ್ಲ.

ಈ ಮೂರು ತಾಲ್ಲೂಕುಗಳ ಓದುಗರಿಗೆ ಬೇರೆ ಎರಡು ಮಾತು ಹೇಳಲೇಬೇಕು. ಕಲಬುರಗಿ ಜಿಲ್ಲೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಗೆರೆ, ಕಂದು ಪಟ್ಟೆ ಮೂಡುತ್ತವೆ. ಅದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಆದ ಹಾನಿ. ಮೇಲೆ ಎಷ್ಟು ಎಣ್ಣೆ ಆಡಿಸಿದರೂ ಹೋಗದು. ಅಲ್ಲಿ ಬದಲಾಗಬೇಕಾದದ್ದು ಕುಡಿಯುವ ನೀರು.

ಇನ್ನೊಂದು ತಂಬಾಕು. ಗಡಿಯಾಚೆಯ ಸೊಲ್ಲಾಪುರದ ಕಡೆ ಬಳಕೆಯಲ್ಲಿರುವ ಮಿಶ್ರಿ ಎಂದರೆ ತಂಬಾಕನ್ನು ಸುಟ್ಟು ಮಾಡಿದ ಹಲ್ಲುಪುಡಿ. ಹಲ್ಲು ತಿಕ್ಕುವ ನೆಪದಲ್ಲೇ ಚಟ ಹತ್ತುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಡಿಕೆ ಮತ್ತು ತಂಬಾಕು ಬೇರೆ ಬೇರೆ ಚೀಟಿಗಳಲ್ಲಿ ಬಂದು ಬಾಯಲ್ಲಿ ಕೂಡಿಕೊಳ್ಳುತ್ತವೆ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ರೊಟ್ಟಿಯ ತುತ್ತಿಗೂ ಬಾಯಿ ತೆರೆಯದಿರುವುದು ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು. ಇಂಥವರು ಎಣ್ಣೆ ಹಿಡಿದು ತಿಂಗಳು ಕಾಯುತ್ತ ಕೂತರೆ ಕಳೆದ ತಿಂಗಳು ಮರಳಿ ಸಿಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ, ಇಲ್ಲವೆ ಕಲಬುರಗಿಯ ದಂತ ಕಾಲೇಜಿಗೆ ಆ ವಾರವೇ ತೋರಿಸಬೇಕು.

ಮಾಡಿ ನೋಡುವ ಆಸೆಯಿದ್ದವರಿಗೆ ಕ್ರಮ ಸರಳ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ದೊಡ್ಡ ಚಮಚ ಎಳ್ಳೆಣ್ಣೆ ಬಾಯಿಗೆ ಹಾಕಿಕೊಂಡು ಹಲ್ಲಿನ ಸಂದಿಗಳಲ್ಲಿ ಹತ್ತು ನಿಮಿಷ ಮೆಲ್ಲಗೆ ಆಡಿಸಿ ಉಗುಳುವುದು, ನೀರಿನಿಂದ ಬಾಯಿ ತೊಳೆದು ಬ್ರಷ್ ಹಿಡಿಯುವುದು. ಅಧ್ಯಯನ ಹೆಚ್ಚಾಗಿ ನಡೆದಿರುವುದು ಎಳ್ಳು ಮತ್ತು ಕೊಬ್ಬರಿ ಎಣ್ಣೆಯ ಮೇಲೆ. ನುಂಗಬಾರದು, ಗಂಟಲು ಮೇಲೆತ್ತಿ ಗಳಗಳ ಮಾಡಲೂಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಪ್ರಕರಣಗಳಿವೆ. ಸಣ್ಣ ಮಕ್ಕಳಿಗೂ, ನುಂಗಲು ತೊಂದರೆಯಿರುವ ವೃದ್ಧರಿಗೂ ಇದು ಬೇಡ. ಉಗುಳುವುದು ಬಚ್ಚಲಿನ ಕೊಳವೆಗಲ್ಲ, ತಿಪ್ಪೆಗೆ. ಕೊಳವೆಯಲ್ಲಿ ಎಣ್ಣೆಯ ಜಿಡ್ಡು ಕಟ್ಟಿಕೊಳ್ಳುತ್ತದೆ.