ಯಾವ ನುಸಿ? ಮೊದಲು ಗುರುತಿಸಿರಿ



ಮೆಣಸಿನ ಗಿಡದ ಎಲೆ ಮುದುಡಿದರೆ ಸಾಕು, "ನುಸಿ ಬಿದ್ದೈತಿ, ಎಣ್ಣಿ ಹೊಡೀರಿ" ಅನ್ನುವುದು ಕೊಪ್ಪಳ ಸೀಮೆಯಲ್ಲೆಲ್ಲ ರೂಢಿ. ಆದರೆ ಯಾವ ನುಸಿ? ಎಲೆ ಕೆಳಮುಖವಾಗಿ ಮುದುಡಿದ್ದರೆ ಅದು ಮೈಟ್ ನುಸಿ. ಕೀಟವಲ್ಲ, ಎಂಟು ಕಾಲಿನ ಜೇಡನ ಬಳಗದ್ದು. ಮೇಲ್ಮುಖವಾಗಿ ದೋಣಿಯಂತೆ ಮುದುಡಿದ್ದರೆ ಥ್ರಿಪ್ಸ್ ನುಸಿ. ಇಂದಿನ ಮಾತು ಈ ಥ್ರಿಪ್ಸಿನದು.

ಥ್ರಿಪ್ಸ್ ಸುಮಾರು ಒಂದು ಮಿಲಿಮೀಟರ್ ಉದ್ದದ ಕೀಟ. ಆರು ಕಾಲು; ಕಡ್ಡಿಯಂಥ ರೆಕ್ಕೆಯ ಅಂಚಿಗೆ ಕೂದಲಿನ ಝಾಲರಿ. ಲೋಕದಲ್ಲಿ ಇದರ 6000ಕ್ಕೂ ಹೆಚ್ಚು ಜಾತಿಗಳುಂಟು. ಎಲ್ಲವೂ ಬೆಳೆಯ ವೈರಿಗಳಲ್ಲ: ಕೆಲವು ಬೂಷ್ಟು ತಿನ್ನುತ್ತವೆ, ಕೆಲವು ಬೇರೆ ಕೀಟಗಳನ್ನೇ ತಿನ್ನುತ್ತವೆ.

ಜಾತಿ ಬೇರೆಯಾದರೆ ಉಪಾಯವೂ ಬೇರೆ. ಭತ್ತದ ಥ್ರಿಪ್ಸ್ ಸಸಿಮಡಿಯಲ್ಲಿ ಎಲೆಯ ತುದಿಯನ್ನು ಸುರುಳಿ ಸುತ್ತಿಸುತ್ತದೆ. ಒದ್ದೆ ಅಂಗೈಯನ್ನು ಸಸಿಯ ಮೇಲೆ ಆಡಿಸಿದರೆ ಅಂಟಿಕೊಂಡು ಬರುತ್ತದೆ. ಗಂಗಾವತಿಯ ಕಾಲುವೆ ನೀರಿನಲ್ಲಿ ಆ ಸಸಿಗಳನ್ನು ಮುಳುಗಿಸಿಟ್ಟರೆ ಹತೋಟಿಗೆ ಬಂದೀತು. ಯಲಬುರ್ಗಾ, ಕುಷ್ಟಗಿಯ ಮೆಣಸಿನ ಹೊಲದಾಗ ಆ ಉಪಾಯ ನಡೆಯುವುದಿಲ್ಲ.

ಮೆಣಸಿನಲ್ಲಿಯೂ ಮುಖ್ಯವಾಗಿ ಎರಡು ಜಾತಿ. ಹಳೆಯದು ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್: ಹಳದಿ ಬಣ್ಣ, ಎಳೆಯ ಎಲೆಯಲ್ಲಿ ವಾಸ. ಹೊಸದು ಥ್ರಿಪ್ಸ್ ಪಾರ್ವಿಸ್ಪೈನಸ್: ಆಗ್ನೇಯ ಏಷ್ಯಾದಿಂದ ಬಂದದ್ದು, 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಕಂಡಿದ್ದಾಗಿ ವರದಿಯಾಯಿತು. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಬೆಳೆಗೆ ಮುತ್ತಿತು. ಇದು ಹೂವಿನೊಳಗೆ ಗುಂಪಾಗಿ ಸೇರುತ್ತದೆ; ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ.

"ಕರಿದಾದರೆ ಹೊಸದು, ಹಳದಿಯಾದರೆ ಹಳೇದು, ಇಷ್ಟೇ ಅಲ್ಲೇನ್ರಿ?" ಎಂದು ಕೇಳಬಹುದು. ಅಲ್ಲಿಯೇ ಮೋಸ. ಪಾರ್ವಿಸ್ಪೈನಸ್ ಹೆಣ್ಣು ಕರಿಗಂದು, ಗಂಡು ಮಾತ್ರ ಹಳದಿ! ಆದ್ದರಿಂದ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಮೀಸೆಯ ಗಣ್ಣು ಎಣಿಸುತ್ತಾರೆ. ಸ್ಕಿರ್ಟೋಥ್ರಿಪ್ಸಿಗೆ 8, ಪಾರ್ವಿಸ್ಪೈನಸಿಗೆ 7. ಜೊತೆಗೆ ರೆಕ್ಕೆಯ ನರದ ಮೇಲಿನ ಮುಳ್ಳುಗೂದಲಿನ ಸಾಲನ್ನೂ ನೋಡುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು. ಮುಂಜಾನೆ ಹೊಲದ ನಾಲ್ಕಾರು ಕಡೆ ಹೂ, ಕುಡಿಗಳನ್ನು ಬಿಳಿ ಕಾಗದದ ಮೇಲೆ ಝಾಡಿಸಿರಿ. ಓಡಾಡುವ ಹುಳಗಳನ್ನು ಒದ್ದೆ ಕುಂಚದಿಂದ ಎತ್ತಿ, ಸ್ಪಿರಿಟ್ ಹಾಕಿದ ಸಣ್ಣ ಶೀಶೆಯಲ್ಲಿಡಿರಿ. ಬೆಳೆ, ಊರು, ತಾರೀಖನ್ನು ಪೆನ್ಸಿಲ್ಲಿನಿಂದ ಚೀಟಿಯಲ್ಲಿ ಬರೆದು ಶೀಶೆಯೊಳಗೇ ಹಾಕಿರಿ; ಶಾಯಿ ಕರಗೀತು. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅದನ್ನು ತಲುಪಿಸಿರಿ.

ಹುಳ ಯಾವುದೆಂದು ತಿಳಿಯದೆ ಮೇಲಿಂದ ಮೇಲೆ ಎಣ್ಣಿ ಹೊಡೆದರೆ ಥ್ರಿಪ್ಸನ್ನು ತಿನ್ನುವ ಮಿತ್ರಕೀಟಗಳು ಮೊದಲು ಸಾಯುತ್ತವೆ, ಸಾಲ ಮಾತ್ರ ಉಳಿಯುತ್ತದೆ.